ದೀರ್ಘಕಾಲದ ಕೆಮ್ಮಿನ ಪ್ರಶ್ನಾವಳಿ: ಅನುವಾದ ಮತ್ತು ಸಿಂಧುತ್ವ ಪರಿಶೀಲನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೊಂದು ಭಾಷೆಯಲ್ಲಿ ರೂಪುಗೊಂಡ ಕೆಮ್ಮಿನ ಪ್ರಶ್ನಾವಳಿಯನ್ನು ತಮ್ಮ ರೋಗಿಗಳ ಭಾಷೆಗೆ ತರಲು ಹೊರಟಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು, ಶ್ವಾಸಕೋಶ ತಜ್ಞರು, ಶುಶ್ರೂಷಕರು ಮತ್ತು ಅನುವಾದಕರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಉದಾಹರಣೆಗಳಿಗೆ ಹೆಚ್ಚಾಗಿ ಲೆಸ್ಟರ್ ಕಾಫ್ ಕ್ವೆಶ್ಚನೇರ್ ಅನ್ನು ತೆಗೆದುಕೊಂಡಿದ್ದೇವೆ. ಮುಂದೆ ಅದನ್ನು ಲೆಸ್ಟರ್ ಪ್ರಶ್ನಾವಳಿ ಎಂದಷ್ಟೇ ಕರೆಯುತ್ತೇವೆ.

ಎರಡೂ ಭಾಷೆ ಬಲ್ಲವರು ಎಚ್ಚರಿಕೆಯಿಂದ ಅನುವಾದಿಸಿದ್ದಾರೆ. ಮತ್ತೆ ಪರಿಶೀಲನೆ ಏಕೆ?

ಪ್ರಶ್ನಾವಳಿಯ ಕೆಲಸ ಅಳೆಯುವುದು. ರೋಗಿ ಗುರುತು ಹಾಕಿದ ಆಯ್ಕೆಗಳನ್ನು ನಾವು ಅಂಕಗಳಾಗಿ ಪರಿವರ್ತಿಸುತ್ತೇವೆ, ಆ ಅಂಕ ಏರಿತೋ ಇಳಿಯಿತೋ ಎಂದು ನೋಡುತ್ತೇವೆ, ಅದರ ಆಧಾರದ ಮೇಲೆ ಔಷಧಿ ಮುಂದುವರಿಸುವ ಅಥವಾ ನಿಲ್ಲಿಸುವ ತೀರ್ಮಾನಕ್ಕೆ ಬರುತ್ತೇವೆ. ವ್ಯಾಕರಣ ಶುದ್ಧವಾಗಿರುವ, ಓದಲು ಹಿತವಾಗಿರುವ ಅನುವಾದವೂ ಈ ಕೆಲಸದಲ್ಲಿ ಸೋಲಬಹುದು. ಏಕೆಂದರೆ ಮೂಲದ ಪ್ರಶ್ನೆ ರೋಗಿಯ ಮನಸ್ಸಿನಲ್ಲಿ ಎಬ್ಬಿಸುತ್ತಿದ್ದ ಚಿತ್ರವನ್ನೇ ಅನುವಾದದ ಪ್ರಶ್ನೆಯೂ ಎಬ್ಬಿಸುತ್ತದೆಯೇ ಎಂಬುದು ವಾಕ್ಯವನ್ನು ನೋಡಿದರೆ ತಿಳಿಯುವುದಿಲ್ಲ, ರೋಗಿಯನ್ನು ಕೇಳಿದರೆ ಮಾತ್ರ ತಿಳಿಯುತ್ತದೆ.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಸಿಂಧುತ್ವ ಎನ್ನುವುದು ಕಾಗದಕ್ಕೆ ಒಮ್ಮೆ ಒತ್ತಿ ಮುಗಿಸುವ ಮೊಹರಲ್ಲ. ಇಂಥ ರೋಗಿಗಳಲ್ಲಿ, ಇಂಥ ಉದ್ದೇಶಕ್ಕೆ, ಈ ಅಂಕಗಳನ್ನು ಹೀಗೆ ಅರ್ಥೈಸಬಹುದು ಎನ್ನಲು ನಮ್ಮ ಬಳಿ ಎಷ್ಟು ಪುರಾವೆ ಇದೆ ಎಂಬುದೇ ಸಿಂಧುತ್ವ. ಲೆಸ್ಟರ್ ಪ್ರಶ್ನಾವಳಿ ದೀರ್ಘಕಾಲದ ಕೆಮ್ಮಿನ ರೋಗಿಗಳಿಗಾಗಿ ಸಿದ್ಧವಾದದ್ದು. ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗುವ ಕಾಯಿಲೆ) ಮತ್ತು ಸಿಒಪಿಡಿ (ಶ್ವಾಸಮಾರ್ಗ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳಲ್ಲಿ ಅದನ್ನು ಬಳಸುವ ಮುನ್ನ ಸಂಶೋಧಕರು ಪ್ರತ್ಯೇಕವಾಗಿ ಪರಿಶೀಲಿಸಬೇಕಾಯಿತು. ಭಾಷೆ ಬದಲಾದಾಗಲೂ ಅದೇ ನ್ಯಾಯ ಅನ್ವಯಿಸುತ್ತದೆ.

ಕೆಮ್ಮನ್ನು ಎಣಿಸುವ ಯಂತ್ರಗಳೇ ಇರುವಾಗ ಪ್ರಶ್ನಾವಳಿಯ ಅಗತ್ಯವೇನು?

ವೈಟಲೋಜ್ಯಾಕ್, ಲೆಸ್ಟರ್ ಕಾಫ್ ಮಾನಿಟರ್ ಮುಂತಾದ ಸಾಧನಗಳು 24 ಗಂಟೆಗಳ ಕಾಲ ಧ್ವನಿ ದಾಖಲಿಸಿ ಕೆಮ್ಮುಗಳನ್ನು ಎಣಿಸಲು ನೆರವಾಗುತ್ತವೆ. ಆದರೆ ಎಣಿಕೆ ಹೇಳುವುದು ಎಷ್ಟು ಬಾರಿ ಕೆಮ್ಮು ಬಂತು ಎಂಬುದನ್ನು ಮಾತ್ರ. ಮೂತ್ರ ಸೋರುತ್ತದೆಂಬ ಭಯದಿಂದ ಪ್ರಯಾಣ ಬಿಟ್ಟವರು, ಮಾತಿನ ನಡುವೆ ಕೆಮ್ಮು ಬರುತ್ತದೆಂದು ದೂರವಾಣಿ ಕರೆ ಸ್ವೀಕರಿಸದವರು, ತಮಗೆ ಯಾವುದೋ ದೊಡ್ಡ ಕಾಯಿಲೆ ಇದೆಯೆಂದು ರಾತ್ರಿಯಿಡೀ ಕೊರಗುವವರು ಆ ಸಂಖ್ಯೆಯಲ್ಲಿ ಕಾಣಿಸುವುದಿಲ್ಲ. ಕೆಮ್ಮಿನ ಎಣಿಕೆಗೂ ಪ್ರಶ್ನಾವಳಿಯ ಅಂಕಕ್ಕೂ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು ಮಧ್ಯಮ ಮಟ್ಟದ ಸಹಸಂಬಂಧ, ಅಂದರೆ ಒಂದು ಬದಲಾದಂತೆ ಇನ್ನೊಂದೂ ಬದಲಾಗುವ ನಂಟು. ಇದನ್ನು ಪ್ರಶ್ನಾವಳಿಯ ಕೊರತೆ ಎಂದು ಓದುವವರಿದ್ದಾರೆ. ನಮ್ಮ ದೃಷ್ಟಿಯಲ್ಲಿ ಅದು ತಪ್ಪು ಓದು: ಎರಡೂ ಒಂದನ್ನೇ ಅಳೆಯುತ್ತಿದ್ದರೆ ಒಂದು ಅನಗತ್ಯವಾಗುತ್ತಿತ್ತು. ಗೆಫಾಪಿಕ್ಸಂಟ್ ಎಂಬ ದೀರ್ಘಕಾಲದ ಕೆಮ್ಮಿನ ಔಷಧಿಯ ಕಾಫ್-1 ಮತ್ತು ಕಾಫ್-2 ಪ್ರಯೋಗಗಳಲ್ಲಿ ಮುಖ್ಯ ಅಳತೆ 24 ಗಂಟೆಗಳ ಕೆಮ್ಮಿನ ಎಣಿಕೆಯಾಗಿದ್ದರೂ ಲೆಸ್ಟರ್ ಪ್ರಶ್ನಾವಳಿಯನ್ನೂ ಜೊತೆಗೆ ಇಟ್ಟುಕೊಂಡದ್ದು ಈ ಕಾರಣಕ್ಕೇ.

ಯಾವ ಪ್ರಶ್ನಾವಳಿಯನ್ನು ಆರಿಸಿಕೊಳ್ಳಬೇಕು?

ಏನನ್ನು ಅಳೆಯಬೇಕೆಂದಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. 2003ರಲ್ಲಿ ಪ್ರಕಟವಾದ ಲೆಸ್ಟರ್ ಪ್ರಶ್ನಾವಳಿಯಲ್ಲಿ 19 ಪ್ರಶ್ನೆಗಳಿವೆ: ದೈಹಿಕ ವಿಭಾಗಕ್ಕೆ 8, ಮಾನಸಿಕ ವಿಭಾಗಕ್ಕೆ 7, ಸಾಮಾಜಿಕ ವಿಭಾಗಕ್ಕೆ 4. ಪ್ರತಿ ಪ್ರಶ್ನೆಗೂ 7 ಆಯ್ಕೆಗಳು; ಕೇಳುವುದು ಕಳೆದ ಎರಡು ವಾರಗಳ ಅನುಭವ. ಪ್ರತಿ ವಿಭಾಗದ ಸರಾಸರಿಯನ್ನು ಕೂಡಿಸಿದರೆ ಬರುವ ಒಟ್ಟು ಅಂಕ 3ರಿಂದ 21ರವರೆಗೆ ಇರುತ್ತದೆ, ಹೆಚ್ಚು ಅಂಕ ಎಂದರೆ ಉತ್ತಮ ಸ್ಥಿತಿ. 2002ರ ಕಾಫ್ ಕ್ವಾಲಿಟಿ ಆಫ್ ಲೈಫ್ ಕ್ವೆಶ್ಚನೇರ್‌ನಲ್ಲಿ 28 ಪ್ರಶ್ನೆಗಳಿದ್ದು ಅಂಕ 28ರಿಂದ 112ರವರೆಗೆ ಇರುತ್ತದೆ, ಅಲ್ಲಿ ಹೆಚ್ಚು ಅಂಕ ಎಂದರೆ ಹೆಚ್ಚು ತೊಂದರೆ. ಹಲ್ ಏರ್‌ವೇ ರಿಫ್ಲಕ್ಸ್ ಕ್ವೆಶ್ಚನೇರ್ 14 ಪ್ರಶ್ನೆಗಳದು, ಗರಿಷ್ಠ ಅಂಕ 70. ಅದು ಜೀವನದ ಗುಣಮಟ್ಟಕ್ಕಿಂತ ಹೆಚ್ಚಾಗಿ ಕೆಮ್ಮಿನ ಅತಿಸಂವೇದನೆಯ ಲಕ್ಷಣಗಳತ್ತ ಗಮನ ಕೊಡುತ್ತದೆ. ಗಂಟಲಿನ ಕೆರೆತ, ಬಿಗಿತಗಳೇ ಮುಖ್ಯವಾಗಿದ್ದರೆ 14 ಪ್ರಶ್ನೆಗಳ ನ್ಯೂಕ್ಯಾಸಲ್ ಲ್ಯಾರಿಂಜಿಯಲ್ ಹೈಪರ್‌ಸೆನ್ಸಿಟಿವಿಟಿ ಕ್ವೆಶ್ಚನೇರ್ ಇದೆ.

ಅಂಕಗಳ ದಿಕ್ಕು ಒಂದರಿಂದ ಇನ್ನೊಂದಕ್ಕೆ ಬೇರೆಯಾಗಿರುವುದನ್ನು ಮರೆಯಬಾರದು. ಎರಡು ಸಾಧನಗಳನ್ನು ಹೋಲಿಸುವಾಗ ಋಣ ಚಿಹ್ನೆಯ ಸಹಸಂಬಂಧ ಬಂದರೆ ಗಾಬರಿಯಾಗುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಅನುಮತಿ ಬೇಕೇ?

ಬೇಕು. ಈ ಸಾಧನಗಳಿಗೆ ಹಕ್ಕುದಾರರಿದ್ದಾರೆ. ಅನುವಾದ ಆರಂಭಿಸುವ ಮುನ್ನವೇ ಲಿಖಿತ ಒಪ್ಪಿಗೆ ಪಡೆಯಿರಿ. ನಿಮ್ಮ ಭಾಷೆಯ ಅನುವಾದ ಈಗಾಗಲೇ ಇದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಇದಕ್ಕಿಂತ ಪ್ರತ್ಯೇಕ ವಿಷಯ, ಅದೂ ಬೇಕು.

ಅನುವಾದದ ಹಂತಗಳು ಯಾವುವು?

2000ದಲ್ಲಿ ಬೀಟನ್ ಮತ್ತು ಸಂಗಡಿಗರು ಪ್ರಕಟಿಸಿದ ಮಾರ್ಗಸೂಚಿಯನ್ನು ಹೆಚ್ಚಿನವರು ಅನುಸರಿಸುತ್ತಾರೆ. ಅದರ ಪ್ರಕಾರ ಇಬ್ಬರು ಪ್ರತ್ಯೇಕವಾಗಿ ಅನುವಾದಿಸುತ್ತಾರೆ, ಅವರಲ್ಲಿ ಒಬ್ಬರಿಗೆ ವಿಷಯ ತಿಳಿದಿರುತ್ತದೆ, ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಎರಡನ್ನೂ ಕೂಡಿಸಿ ಒಂದು ಪಠ್ಯ ಸಿದ್ಧಪಡಿಸಿದ ಮೇಲೆ, ಮೂಲವನ್ನು ನೋಡದ ಇಬ್ಬರು ಅದನ್ನು ಮೂಲ ಭಾಷೆಗೆ ಮರಳಿ ಅನುವಾದಿಸುತ್ತಾರೆ. ನಂತರ ತಜ್ಞರ ಸಮಿತಿ ಎಲ್ಲವನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸುತ್ತದೆ, ಕೊನೆಗೆ 30ರಿಂದ 40 ಜನರಲ್ಲಿ ಪೂರ್ವಪರೀಕ್ಷೆ ನಡೆಯುತ್ತದೆ. 2005ರಲ್ಲಿ ಆರೋಗ್ಯ ಅರ್ಥಶಾಸ್ತ್ರ ಮತ್ತು ಚಿಕಿತ್ಸಾ ಫಲಿತಾಂಶಗಳ ಸಂಶೋಧಕರ ಇಸ್ಪೋರ್ ಸಂಸ್ಥೆಯ ಕಾರ್ಯಪಡೆ ನೀಡಿದ ಶಿಫಾರಸಿನಲ್ಲಿ 5ರಿಂದ 8 ರೋಗಿಗಳೊಂದಿಗೆ ಆಳವಾದ ಸಂದರ್ಶನ ನಡೆಸಬೇಕೆಂದಿದೆ. ವಿಷಯ ತಿಳಿಯದ ಅನುವಾದಕರನ್ನು ಉಳಿತಾಯಕ್ಕೆಂದು ಕೈಬಿಡುವವರು ಇದ್ದಾರೆ, ಹಾಗೆ ಮಾಡಬೇಡಿ. ವೈದ್ಯರು ಬರೆದ ಅನುವಾದದಲ್ಲಿ ಆಸ್ಪತ್ರೆಯ ಕಡತದ ಭಾಷೆ ಬಹಳ ಬೇಗ ನುಸುಳುತ್ತದೆ, ಅದನ್ನು ಹಿಡಿಯುವುದು ಹೊರಗಿನವರ ಕಿವಿಯೇ.

ಹಿಮ್ಮುಖ ಅನುವಾದ ಮೂಲಕ್ಕೆ ಸರಿಯಾಗಿ ಹೊಂದಿದರೆ ಸಾಕಲ್ಲವೇ?

ಸಾಲದು. ಪದಕ್ಕೆ ಪದ ಇಟ್ಟು ಮಾಡಿದ ಪೆಡಸಾದ ಅನುವಾದವೇ ಮರಳಿ ಬರುವಾಗ ಮೂಲಕ್ಕೆ ಹೆಚ್ಚು ಹತ್ತಿರವಾಗಿರುತ್ತದೆ, ರೋಗಿಗೆ ಸುಲಭವಾಗಿ ಅರ್ಥವಾಗುವ ಸಹಜ ಅನುವಾದ ಮರಳಿ ಬರುವಾಗ ಸ್ವಲ್ಪ ದೂರ ಸರಿದಿರುತ್ತದೆ. ಹಿಮ್ಮುಖ ಅನುವಾದ ಬಿಟ್ಟುಹೋದ ಮಾತು, ತಿರುಗುಮುರುಗಾದ ಅರ್ಥ, ಕಾಲಾವಧಿಯ ತಪ್ಪುಗಳನ್ನು ತೋರಿಸಿಕೊಡುತ್ತದೆ. ಅಷ್ಟಕ್ಕೆ ಅದನ್ನು ಬಳಸಿ.

ರೋಗಿಗಳೊಂದಿಗಿನ ಸಂದರ್ಶನದಲ್ಲಿ ಏನು ಕೇಳಬೇಕು?

ಇಡೀ ಕೆಲಸದ ತಿರುಳು ಇದೇ, ಆದರೂ ಹೆಚ್ಚಿನ ವರದಿಗಳಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲು: ಎಲ್ಲರಿಗೂ ಪ್ರಶ್ನೆಗಳು ಅರ್ಥವಾದವು. “ಅರ್ಥವಾಯಿತೇ?” ಎಂದು ಬಿಳಿ ಕೋಟು ತೊಟ್ಟವರು ಕೇಳಿದರೆ ಬಹುತೇಕರು ಹೌದು ಎನ್ನುತ್ತಾರೆ. ಆದ್ದರಿಂದ ಆ ಪ್ರಶ್ನೆಯನ್ನು ಕೇಳಲೇಬಾರದು.

ಅದರ ಬದಲು, ಪ್ರಶ್ನೆಯನ್ನು ಓದಿದ ಮೇಲೆ ಅದು ಏನನ್ನು ಕೇಳುತ್ತಿದೆ ಎಂದು ರೋಗಿಯ ಸ್ವಂತ ಮಾತಿನಲ್ಲಿ ಹೇಳಿಸಿ. ಉತ್ತರ ಆರಿಸುವಾಗ ಯಾವ ದಿನ, ಯಾವ ಸಂದರ್ಭ ನೆನಪಾಯಿತು ಎಂದು ಕೇಳಿ. ಈ ಆಯ್ಕೆಯನ್ನೇ ಏಕೆ ಗುರುತಿಸಿದಿರಿ, ಅದರ ಪಕ್ಕದ್ದನ್ನು ಏಕೆ ಬಿಟ್ಟಿರಿ ಎಂದು ವಿಚಾರಿಸಿ. ಹೀಗೆ ಕೇಳಿದಾಗ ಹೊರಬರುವ ಸಂಗತಿಗಳೇ ಬೇರೆ. ಎರಡು ವಾರಗಳ ಬಗ್ಗೆ ಕೇಳಿದ್ದಕ್ಕೆ ಕೆಮ್ಮು ಶುರುವಾದಂದಿನಿಂದ ಇಂದಿನವರೆಗಿನ ಲೆಕ್ಕ ಹೇಳುವವರು ಸಿಗುತ್ತಾರೆ. ಕೆಮ್ಮಿನಿಂದ ಬರುವ ಎದೆನೋವನ್ನು ಕೇಳಿದಾಗ ಹೃದಯದ ತೊಂದರೆ ಇದೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು ಇಲ್ಲ ಎಂದವರಿರುತ್ತಾರೆ. ಬಣ್ಣದ ವಾಸನೆ, ಹೊಗೆಗಳಿಂದ ಕೆಮ್ಮು ಬರುತ್ತದೆಯೇ ಎಂಬ ಪ್ರಶ್ನೆಗೆ, ಎರಡು ವಾರಗಳಲ್ಲಿ ಅವುಗಳ ಹತ್ತಿರವೇ ಹೋಗದವರು ‘ಎಂದೂ ಇಲ್ಲ’ ಎಂದು ಗುರುತಿಸಿ ಅತ್ಯುತ್ತಮ ಅಂಕ ಪಡೆಯುತ್ತಾರೆ. ಆದರೆ ಅವರು ಹತ್ತಿರ ಹೋಗದಿರುವುದೇ ಕೆಮ್ಮಿನ ಭಯದಿಂದ. ಈ ಕೊನೆಯ ತೊಡಕು ಅನುವಾದದಿಂದ ಹುಟ್ಟಿದ್ದಲ್ಲ, ಪ್ರಶ್ನೆಯೊಳಗೇ ಇರುವಂಥದ್ದು. ಆದರೂ ಅದು ನಿಮ್ಮ ರೋಗಿಗಳಲ್ಲಿ ಎಷ್ಟು ದೊಡ್ಡದು ಎಂದು ತಿಳಿದಿರಬೇಕು.

ಸಮೀಪದ ಭಾವನೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಲೆಸ್ಟರ್ ಪ್ರಶ್ನಾವಳಿಯ ಮಾನಸಿಕ ವಿಭಾಗದಲ್ಲಿ ಕೆಮ್ಮಿನಿಂದ ಉಂಟಾಗುವ ಹತಾಶೆಯನ್ನು ಒಂದು ಪ್ರಶ್ನೆ ಕೇಳುತ್ತದೆ, ಸಾಕಾಗಿಹೋಗಿದೆ ಎನ್ನುವ ಬೇಸರವನ್ನು ಇನ್ನೊಂದು ಕೇಳುತ್ತದೆ. ಅನುವಾದದಲ್ಲಿ ಎರಡೂ ಒಂದೇ ಪ್ರಶ್ನೆಯಂತೆ ಕೇಳಿಸಿದರೆ ರೋಗಿ ಎರಡಕ್ಕೂ ಒಂದೇ ಉತ್ತರ ಕೊಡುತ್ತಾರೆ. ಆಗ ಅಂಕಿಅಂಶಗಳಲ್ಲಿ ಸುಸಂಗತತೆ ಹೆಚ್ಚಿದಂತೆ ಕಾಣುತ್ತದೆ, ನಿಜದಲ್ಲಿ ನಾವು ಒಂದು ಪ್ರಶ್ನೆಯನ್ನು ಕಳೆದುಕೊಂಡಿರುತ್ತೇವೆ. ಯಾವ ಲೆಕ್ಕಾಚಾರವೂ ನಂತರ ಇದನ್ನು ಸರಿಪಡಿಸಲಾರದು.

ಸಂದರ್ಶನಗಳನ್ನು ಎರಡು ಮೂರು ಸುತ್ತುಗಳಲ್ಲಿ ನಡೆಸಿ. ಮೊದಲ ಸುತ್ತಿನಲ್ಲಿ ಕಂಡ ತೊಡಕಿಗೆ ಪದ ಬದಲಿಸಿದ ಮೇಲೆ, ಬದಲಿಸಿದ ಪದವನ್ನು ಹೊಸ ರೋಗಿಗಳಲ್ಲಿ ನೋಡದೆ ಬಿಟ್ಟರೆ ಆ ಬದಲಾವಣೆ ಪರೀಕ್ಷೆಯಾಗದೆಯೇ ಉಳಿಯುತ್ತದೆ. ಯಾವ ಪ್ರಶ್ನೆಯಲ್ಲಿ ಏನು ಕೇಳಿಬಂತು, ಏಕೆ ಬದಲಿಸಿದಿರಿ ಅಥವಾ ಏಕೆ ಬದಲಿಸಲಿಲ್ಲ ಎಂಬ ಪಟ್ಟಿಯನ್ನು ಪ್ರಬಂಧದ ಅನುಬಂಧವಾಗಿ ಕೊಡಿ. ರೋಗಿ ವರದಿ ಮಾಡುವ ಸಾಧನಗಳ ಗುಣಮಟ್ಟಕ್ಕೆ ಅಂತರರಾಷ್ಟ್ರೀಯ ಒಮ್ಮತ ರೂಪಿಸಿದ ಕಾಸ್ಮಿನ್ ತಂಡ ಕೂಡ ವಸ್ತು ಸಿಂಧುತ್ವವನ್ನೇ, ಅಂದರೆ ಪ್ರಶ್ನೆಗಳು ವಿಷಯಕ್ಕೆ ಸಂಬಂಧಿಸಿದ್ದು, ಸಮಗ್ರವಾಗಿದ್ದು, ಅರ್ಥವಾಗುವಂತಿರುವುದನ್ನೇ, ಎಲ್ಲಕ್ಕಿಂತ ಮುಖ್ಯ ಗುಣವೆಂದು ಪರಿಗಣಿಸಿದೆ.

ಏಳು ಆಯ್ಕೆಗಳು ನಮ್ಮ ರೋಗಿಗಳಿಗೆ ಹೆಚ್ಚಾದವು. ಐದಕ್ಕೆ ಇಳಿಸಬಹುದೇ?

ಇಳಿಸಿದರೆ ಅದು ಬೇರೆಯೇ ಸಾಧನವಾಗುತ್ತದೆ, ಅದರ ಅಂಕಗಳನ್ನು ಇತರ ಅಧ್ಯಯನಗಳೊಂದಿಗೆ ಹೋಲಿಸಲಾಗುವುದಿಲ್ಲ. ಆದರೆ ದೂರು ನಿಜವಾದದ್ದೇ. ‘ಬಹುಪಾಲು ಸಮಯ’, ‘ಸಾಕಷ್ಟು ಸಮಯ’, ‘ಸ್ವಲ್ಪ ಸಮಯ’, ‘ತೀರಾ ಅಪರೂಪ’ ಎಂಬ ಮೆಟ್ಟಿಲುಗಳ ನಡುವಿನ ಅಂತರ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಪ್ರತಿ ಪದಗುಚ್ಛವನ್ನು ಒಂದೊಂದು ಚೀಟಿಯಲ್ಲಿ ಬರೆದು, ಕ್ರಮ ತಪ್ಪಿಸಿ ಕೊಟ್ಟು, ಹೆಚ್ಚಿನದರಿಂದ ಕಡಿಮೆಯದಕ್ಕೆ ಜೋಡಿಸಲು ಹೇಳಿ. ಯಾವ ಎರಡು ಚೀಟಿಗಳು ಪದೇ ಪದೇ ಅದಲುಬದಲಾಗುತ್ತವೆಯೋ ಅಲ್ಲಿ ಪದ ಬದಲಿಸಬೇಕು. ನಿಯಂತ್ರಣ, ಚೈತನ್ಯಗಳ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಆಯ್ಕೆಗಳ ದಿಕ್ಕು ತಿರುಗುತ್ತದೆ ಎಂಬುದನ್ನೂ ಗಮನಿಸಿ. ಮೇಲಿನಿಂದ ಕೆಳಗೆ ಒಂದೇ ಅಂಕಣದಲ್ಲಿ ಗುರುತು ಹಾಕುತ್ತಾ ಬಂದವರು ಅಲ್ಲಿ ಎಡವುತ್ತಾರೆ.

ಯಾರನ್ನು ಸೇರಿಸಿಕೊಳ್ಳಬೇಕು, ಎಷ್ಟು ಜನ ಬೇಕು?

ವಯಸ್ಕರಲ್ಲಿ 8 ವಾರಗಳಿಗಿಂತ ಹೆಚ್ಚು ಕಾಲ ಇರುವ ಕೆಮ್ಮನ್ನು ದೀರ್ಘಕಾಲದ ಕೆಮ್ಮು ಎನ್ನುತ್ತಾರೆ. ಆಸ್ತಮಾ, ಜಠರದ ಆಮ್ಲ ಮೇಲೇರುವಿಕೆ, ಮೂಗು ಮತ್ತು ಸೈನಸ್‌ಗಳ ತೊಂದರೆ, ಇಯೊಸಿನೊಫಿಲಿಕ್ ಬ್ರಾಂಕೈಟಿಸ್, ಕಾರಣ ತಿಳಿಯದ ಅಥವಾ ಚಿಕಿತ್ಸೆಗೆ ಬಗ್ಗದ ಕೆಮ್ಮು, ಹೀಗೆ ಚಿಕಿತ್ಸಾಲಯಕ್ಕೆ ನಿಜವಾಗಿ ಬರುವ ಎಲ್ಲ ಬಗೆಯವರೂ ಇರಲಿ. 2014ರಲ್ಲಿ ಪ್ರಕಟವಾದ, ಹಲವು ದೇಶಗಳ ಕೆಮ್ಮಿನ ಚಿಕಿತ್ಸಾಲಯಗಳ 10,032 ರೋಗಿಗಳ ಸಮೀಕ್ಷೆಯಲ್ಲಿ ಸುಮಾರು ಮೂರನೇ ಎರಡು ಭಾಗ ಮಹಿಳೆಯರಿದ್ದರು. ನಿಮ್ಮ ಮಾದರಿಯಲ್ಲಿ ಪುರುಷರೇ ತುಂಬಿದ್ದರೆ ಏಕೆ ಎಂದು ಯೋಚಿಸಬೇಕು. ಕಫದಲ್ಲಿ ರಕ್ತ, ತೂಕ ಇಳಿಕೆ, ಜ್ವರದಂಥ ಲಕ್ಷಣಗಳಿದ್ದವರನ್ನು ಮೊದಲು ತಪಾಸಣೆಗೆ ಕಳುಹಿಸಿ. ಕ್ಷಯ ಅಥವಾ ಕ್ಯಾನ್ಸರ್ ಇದೆಯೇ ಎಂದು ಹೇಳುವ ಸಾಮರ್ಥ್ಯ ಯಾವ ಪ್ರಶ್ನಾವಳಿಗೂ ಇಲ್ಲ.

ಸಂಖ್ಯೆಯ ವಿಷಯದಲ್ಲಿ, ಯಾವ ಪ್ರಶ್ನೆಗಳು ಒಟ್ಟಿಗೆ ಗುಂಪಾಗುತ್ತವೆ ಎಂದು ನೋಡುವ ಫ್ಯಾಕ್ಟರ್ ವಿಶ್ಲೇಷಣೆಗೆ ಪ್ರಶ್ನೆಗಳ ಸಂಖ್ಯೆಯ ಏಳು ಪಟ್ಟು ಮತ್ತು ಕನಿಷ್ಠ 100 ಜನ ಎಂಬುದು ಕಾಸ್ಮಿನ್ ಮಾನದಂಡ. 19 ಪ್ರಶ್ನೆಗಳಿಗೆ ಅದು 133 ಆಗುತ್ತದೆ. ಅದೇ ರೋಗಿಯಿಂದ ಮತ್ತೊಮ್ಮೆ ತುಂಬಿಸಿ ಅಂಕ ಅಷ್ಟೇ ಬರುತ್ತದೆಯೇ ಎಂದು ನೋಡುವ ಮರುಪರೀಕ್ಷೆಗೆ ಕನಿಷ್ಠ 50 ಸ್ಥಿರ ರೋಗಿಗಳು, ಅಂದರೆ ನಡುವೆ ಕೆಮ್ಮು ಬದಲಾಗದವರು ಬೇಕು, 100 ಇದ್ದರೆ ಇನ್ನೂ ಒಳ್ಳೆಯದು.

ಓದಲು ಬಾರದ ರೋಗಿಗಳನ್ನು ಏನು ಮಾಡುವುದು?

ಬಿಟ್ಟುಬಿಡಬೇಡಿ. ಅವರನ್ನು ಹೊರಗಿಟ್ಟು ಪಡೆದ ಸಿಂಧುತ್ವ ಅವರಿಗೆ ಅನ್ವಯಿಸುವುದಿಲ್ಲ. ಆದರೆ ಚಿಕಿತ್ಸೆ ಕೊಡುವ ವೈದ್ಯರೇ ಓದಿ ಹೇಳಿದರೆ ರೋಗಿ ಅವರನ್ನು ಮೆಚ್ಚಿಸುವ ಉತ್ತರ ಕೊಡುವ ಸಾಧ್ಯತೆ ಹೆಚ್ಚು, ಮನೆಯವರು ಪಕ್ಕದಲ್ಲಿದ್ದರೆ ಅವರೇ ಉತ್ತರಿಸಿಬಿಡುತ್ತಾರೆ, ಮುಜುಗರದ ಸಂಗತಿಗಳು ಬಾಯಿಗೆ ಬರುವುದಿಲ್ಲ. ತರಬೇತಿ ಪಡೆದ, ಚಿಕಿತ್ಸೆಗೆ ಸಂಬಂಧಿಸದ ಒಬ್ಬರು ಏಕಾಂತದಲ್ಲಿ, ಬರೆದಿರುವಂತೆಯೇ, ವಿವರಣೆ ಸೇರಿಸದೆ ಓದಬೇಕು. ಏಳು ಆಯ್ಕೆಗಳನ್ನು ಕಿವಿಯಿಂದ ಕೇಳಿ ನೆನಪಿಟ್ಟುಕೊಳ್ಳುವುದು ಯಾರಿಗೂ ಕಷ್ಟ; ಕ್ರಮವಾಗಿ ಉದ್ದವಾಗುವ ಪಟ್ಟೆಗಳ ಚಿತ್ರವಿರುವ ಒಂದು ಕಾರ್ಡನ್ನು ಕೈಗೆ ಕೊಡಿ. ಓದಿ ತುಂಬಿದವರ ಮತ್ತು ಕೇಳಿ ಉತ್ತರಿಸಿದವರ ಫಲಿತಾಂಶಗಳನ್ನು ಬೇರೆ ಬೇರೆಯಾಗಿಯೂ ವರದಿ ಮಾಡಿ.

ಕ್ರೋನ್‌ಬ್ಯಾಕ್ ಆಲ್ಫಾ 0.90ಕ್ಕಿಂತ ಹೆಚ್ಚು ಬಂದಿದೆ. ಕೆಲಸ ಮುಗಿಯಿತೇ?

ಇಲ್ಲ. ಒಂದು ವಿಭಾಗದ ಪ್ರಶ್ನೆಗಳಿಗೆ ಬಂದ ಉತ್ತರಗಳು ಪರಸ್ಪರ ಎಷ್ಟು ಹೊಂದಿಕೊಂಡಿವೆ ಎಂಬುದನ್ನಷ್ಟೇ ಆಲ್ಫಾ ಹೇಳುತ್ತದೆ. ಪ್ರಶ್ನೆಗಳ ಸಂಖ್ಯೆ ಹೆಚ್ಚಿದಂತೆ ಅದು ತಾನಾಗಿಯೇ ಏರುತ್ತದೆ. 0.70ಕ್ಕಿಂತ ಕಡಿಮೆಯಿದ್ದರೆ ಚಿಂತಿಸಬೇಕು, 0.95 ದಾಟಿದರೆ ಒಂದೇ ಪ್ರಶ್ನೆಯನ್ನು ಎರಡೆರಡು ಬಾರಿ ಕೇಳುತ್ತಿದ್ದೇವೆಯೇ ಎಂದು ನೋಡಬೇಕು. 19 ಪ್ರಶ್ನೆಗಳಿಗೂ ಸೇರಿಸಿ ಒಂದೇ ಆಲ್ಫಾ ಕೊಟ್ಟು ಸುಮ್ಮನಾಗುವುದು ಸರಿಯಲ್ಲ, ಪ್ರತಿ ವಿಭಾಗಕ್ಕೂ ಕೊಡಿ. ನಾಲ್ಕೇ ಪ್ರಶ್ನೆಗಳಿರುವ ಸಾಮಾಜಿಕ ವಿಭಾಗದಲ್ಲಿ ಅದು ಕಡಿಮೆಯಾಗಿರಬಹುದು.

ಸಾಮಾಜಿಕ ವಿಭಾಗದ ಬಗ್ಗೆ ಇನ್ನೊಂದು ಮಾತು. ವಿಭಾಗಗಳ ಸರಾಸರಿಗಳನ್ನು ಕೂಡಿಸುವುದರಿಂದ, ದೈಹಿಕ ವಿಭಾಗದ ಒಂದು ಪ್ರಶ್ನೆಯಲ್ಲಿ ಒಂದು ಮೆಟ್ಟಿಲು ಬದಲಾದರೆ ಒಟ್ಟು ಅಂಕ 0.125 ಬದಲಾಗುತ್ತದೆ, ಸಾಮಾಜಿಕ ವಿಭಾಗದಲ್ಲಾದರೆ 0.25. ಅಂದರೆ ಆ ನಾಲ್ಕು ಪ್ರಶ್ನೆಗಳಲ್ಲಿ ಒಂದರ ಅನುವಾದ ಕೆಟ್ಟರೆ ಹಾನಿ ಇಮ್ಮಡಿ. ನಿಮ್ಮ ಸಮಿತಿಯ ಸಮಯವನ್ನು ಹಂಚುವಾಗ ಇದು ನೆನಪಿನಲ್ಲಿರಲಿ.

ಮರುಪರೀಕ್ಷೆಯನ್ನು ಎಷ್ಟು ದಿನಗಳ ನಂತರ ಮಾಡಬೇಕು?

ರೋಗಿ ಹಿಂದಿನ ಉತ್ತರವನ್ನು ಮರೆಯುವಷ್ಟು ದೂರ, ಕೆಮ್ಮು ಬದಲಾಗದಷ್ಟು ಹತ್ತಿರ. ಲೆಸ್ಟರ್ ಪ್ರಶ್ನಾವಳಿಯ ಮೂಲ ಅಧ್ಯಯನದಲ್ಲಿ ಎರಡು ವಾರಗಳ ಅಂತರವಿತ್ತು, ಹೆಚ್ಚಿನ ಅನುವಾದಗಳಿಗೂ ಒಂದರಿಂದ ಎರಡು ವಾರ ಸೂಕ್ತ. ಆದರೆ ದಿನಗಳ ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ, ಯಾರನ್ನು ಸ್ಥಿರ ರೋಗಿ ಎನ್ನುತ್ತೀರಿ ಎಂಬುದು.

ಮೊದಲ ಭೇಟಿಯಲ್ಲಿ ಹೊಸ ಔಷಧಿ ಪಡೆದು ಎರಡು ವಾರಗಳ ನಂತರ ಮರಳಿ ಬಂದವರು ಸ್ಥಿರರಲ್ಲ. ಎಸಿಇ ಪ್ರತಿಬಂಧಕ ಗುಂಪಿನ ರಕ್ತದೊತ್ತಡದ ಮಾತ್ರೆಯನ್ನು ಆಗಷ್ಟೇ ನಿಲ್ಲಿಸಿದವರು ಖಂಡಿತ ಅಲ್ಲ, ಏಕೆಂದರೆ ಅವರ ಕೆಮ್ಮು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರಗಳಲ್ಲಿ, ಕೆಲವರಲ್ಲಿ ಮೂರು ತಿಂಗಳವರೆಗೆ ಸಮಯ ತೆಗೆದುಕೊಂಡು ಇಳಿಯುತ್ತದೆ. ನಡುವೆ ನೆಗಡಿ ಬಂದವರನ್ನೂ ಬೇರೆ ಇಡಬೇಕು. ಎರಡನೇ ಭೇಟಿಯಲ್ಲಿ, ಪ್ರಶ್ನಾವಳಿ ತುಂಬಿದ ಮೇಲೆ, “ಮೊದಲ ಬಾರಿಗಿಂತ ಈಗ ನಿಮ್ಮ ಕೆಮ್ಮು ಹೇಗಿದೆ?” ಎಂಬ ಒಂದೇ ಪ್ರಶ್ನೆ ಕೇಳಿ, ಬದಲಾಗಿಲ್ಲ ಎಂದವರನ್ನು ಮಾತ್ರ ವಿಶ್ಲೇಷಣೆಗೆ ತೆಗೆದುಕೊಳ್ಳಿ. ಎರಡೂ ಬಾರಿ ವಿಧಾನ ಒಂದೇ ಇರಲಿ. ಮೊದಲ ಬಾರಿ ಆಸ್ಪತ್ರೆಯಲ್ಲಿ ಕಾಗದದ ಮೇಲೆ, ಎರಡನೇ ಬಾರಿ ದೂರವಾಣಿಯಲ್ಲಿ ಎಂದಾದರೆ ನೀವು ಅಳೆಯುತ್ತಿರುವುದು ಬೇರೆ ಏನನ್ನೋ.

ಎರಡು ಬಾರಿಯ ಅಂಕಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದಷ್ಟೇ ನೋಡುವ ಪಿಯರ್ಸನ್ ಸಹಸಂಬಂಧ ಇಲ್ಲಿ ಸಾಲದು. ಎಲ್ಲರ ಅಂಕವೂ ಎರಡನೇ ಬಾರಿ ಎರಡೆರಡು ಹೆಚ್ಚಾದರೂ ಅದು 1.00 ಎಂದೇ ತೋರಿಸುತ್ತದೆ. ಸಂಪೂರ್ಣ ಹೊಂದಾಣಿಕೆಯನ್ನು ಅಳೆಯುವ ಐಸಿಸಿ, ಅಂದರೆ ಅಂತರ್‌ವರ್ಗ ಸಹಸಂಬಂಧ ಗುಣಾಂಕವನ್ನು 95% ವಿಶ್ವಾಸಾಂತರದೊಂದಿಗೆ ಕೊಡಿ, ಯಾವ ಮಾದರಿಯ ಐಸಿಸಿ ಎಂದು ಬರೆಯಿರಿ, ಜೊತೆಗೆ ಎರಡು ಬಾರಿಯ ಅಂಕಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ತೋರಿಸುವ ಬ್ಲಾಂಡ್-ಆಲ್ಟ್‌ಮನ್ ನಕ್ಷೆ ಹಾಕಿ. ಐಸಿಸಿಗೆ 0.70 ಕನಿಷ್ಠ ಮಟ್ಟ.

ಕೆಮ್ಮಿನ ತೊಂದರೆಗೆ ಸ್ವರ್ಣ ಮಾನದಂಡವೇ, ಅಂದರೆ ಎಲ್ಲರೂ ಒಪ್ಪುವ ಅತ್ಯಂತ ನಿಖರ ಅಳತೆಯೇ ಇಲ್ಲ. ಹಾಗಾದರೆ ಸಿಂಧುತ್ವವನ್ನು ಯಾವುದರ ಎದುರು ಪರೀಕ್ಷಿಸುವುದು?

ಮೊದಲೇ ಬರೆದಿಟ್ಟ ನಿರೀಕ್ಷೆಗಳ ಎದುರು. ಈ ಅನುವಾದ ನಿಜಕ್ಕೂ ಕೆಮ್ಮಿನ ಪರಿಣಾಮವನ್ನು ಅಳೆಯುತ್ತಿದ್ದರೆ ಯಾವುದರೊಂದಿಗೆ ಬಲವಾಗಿ, ಯಾವುದರೊಂದಿಗೆ ದುರ್ಬಲವಾಗಿ ಹೊಂದಬೇಕು ಎಂದು ದತ್ತಾಂಶ ಕೈಗೆ ಬರುವ ಮುನ್ನ ದಿಕ್ಕು ಮತ್ತು ಪ್ರಮಾಣ ಸಹಿತ ದಾಖಲಿಸಬೇಕು. ಉದಾಹರಣೆಗೆ, ಕೆಮ್ಮಿನ ತೀವ್ರತೆಯನ್ನು ಗುರುತಿಸುವ 100 ಮಿಲಿಮೀಟರಿನ ದೃಶ್ಯ ಮಾಪಕದೊಂದಿಗೆ ಋಣಾತ್ಮಕವಾಗಿ, 0.5 ಅಥವಾ ಹೆಚ್ಚಿನ ಪ್ರಮಾಣದಲ್ಲಿ. ಆತಂಕದ ಮಾಪಕದೊಂದಿಗೆ ಮಾನಸಿಕ ವಿಭಾಗದ ಸಂಬಂಧ ದೈಹಿಕ ವಿಭಾಗದ ಸಂಬಂಧಕ್ಕಿಂತ ಹೆಚ್ಚು. ಊದಿಸಿ ಶ್ವಾಸಕೋಶದ ಸಾಮರ್ಥ್ಯ ನೋಡುವ ಸ್ಪೈರೊಮೆಟ್ರಿಯ ಅಳತೆಯೊಂದಿಗೆ 0.3ಕ್ಕಿಂತ ಕಡಿಮೆ. ಕೊನೆಯದು ಬಹಳ ಮುಖ್ಯ: ದೀರ್ಘಕಾಲದ ಕೆಮ್ಮಿನ ಅನೇಕ ರೋಗಿಗಳ ಶ್ವಾಸಕೋಶದ ಸಾಮರ್ಥ್ಯ ಸಹಜವಾಗಿಯೇ ಇರುತ್ತದೆ, ಆದ್ದರಿಂದ ಅಲ್ಲಿ ದುರ್ಬಲ ಸಂಬಂಧ ಬರುವುದೇ ಸರಿಯಾದ ಫಲಿತಾಂಶ. ಕೆಮ್ಮುವಾಗ ಮೂತ್ರ ಸೋರುವವರ ಅಂಕ ಸೋರದವರಿಗಿಂತ ಕಡಿಮೆ ಇರಬೇಕು ಎಂಬಂಥ ಗುಂಪು ಹೋಲಿಕೆಯನ್ನೂ ಸೇರಿಸಬಹುದು. ನಿರೀಕ್ಷೆಗಳಲ್ಲಿ ಕನಿಷ್ಠ 75% ನಿಜವಾದರೆ ಸಾಕು ಎಂಬುದು ರೂಢಿಯಲ್ಲಿರುವ ಮಾನದಂಡ.

ದತ್ತಾಂಶ ನೋಡಿದ ಮೇಲೆ ನಿರೀಕ್ಷೆ ಬರೆಯುವ ಅಭ್ಯಾಸ ಈ ಕ್ಷೇತ್ರಕ್ಕೆ ಮಾಡಿರುವ ಹಾನಿ ದೊಡ್ಡದು. ನಿಜಕ್ಕೂ ಸಂಬಂಧವಿಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆಯನ್ನು ಹೇಳುವ p ಮೌಲ್ಯ 0.05ಕ್ಕಿಂತ ಕಡಿಮೆ ಇದ್ದರೆ ಸಿಂಧುತ್ವ ಸಾಬೀತಾಯಿತು ಎಂದು ಬರೆಯುವುದೂ ಅಷ್ಟೇ ತಪ್ಪು, ಏಕೆಂದರೆ 150 ರೋಗಿಗಳಿದ್ದರೆ 0.2ರಷ್ಟು ದುರ್ಬಲ ಸಂಬಂಧಕ್ಕೂ ಆ ಮುದ್ರೆ ಸಿಕ್ಕಿಬಿಡುತ್ತದೆ.

ಫ್ಯಾಕ್ಟರ್ ವಿಶ್ಲೇಷಣೆಯಲ್ಲಿ ಮೂರು ವಿಭಾಗಗಳ ಬದಲು ನಾಲ್ಕು ಬಂದವು. ಹೊಸ ವಿಭಾಗ ಮಾಡಬಹುದೇ?

ಆತುರ ಬೇಡ. ಮೂಲ ರಚನೆ ತಿಳಿದಿರುವಾಗ ಮೊದಲು ಮಾಡಬೇಕಾದದ್ದು ದೃಢೀಕರಣ ವಿಶ್ಲೇಷಣೆ, ಅಂದರೆ ಉತ್ತರಗಳು ಆ ರಚನೆಗೆ ಹೊಂದುತ್ತವೆಯೇ ಎಂಬ ಪರೀಕ್ಷೆ, ಅದೂ ಆಯ್ಕೆಗಳು ಕ್ರಮಸೂಚಕವೆಂದು ಪರಿಗಣಿಸುವ ವಿಧಾನದಲ್ಲಿ. ಈ ಹೊಂದಾಣಿಕೆಯನ್ನು ಅಳೆಯುವ ಸೂಚ್ಯಂಕಗಳಾದ ಸಿಎಫ್‌ಐ 0.95ಕ್ಕಿಂತ ಹೆಚ್ಚು, ಆರ್‌ಎಮ್‌ಎಸ್‌ಇಎ 0.06ಕ್ಕಿಂತ ಕಡಿಮೆ ಇದ್ದರೆ ಹೊಂದಾಣಿಕೆ ಒಳ್ಳೆಯದು ಎನ್ನುತ್ತಾರೆ. ಹೊಂದದಿದ್ದರೆ ಯಾವ ಪ್ರಶ್ನೆಯಿಂದ ತೊಂದರೆ ಎಂದು ಹುಡುಕಿ, ಆ ಪ್ರಶ್ನೆಯ ಸಂದರ್ಶನ ಟಿಪ್ಪಣಿಗಳಿಗೆ ಮರಳಿ ಹೋಗಿ. ಉತ್ತರ ಬಹಳ ಸಲ ಅಲ್ಲೇ ಸಿಗುತ್ತದೆ. ಒಂದೇ ಅಧ್ಯಯನದ ಆಧಾರದ ಮೇಲೆ ಅಂಕ ಎಣಿಸುವ ಕ್ರಮವನ್ನು ಬದಲಿಸಬಾರದು.

ಒಟ್ಟು ಅಂಕ 1.3 ಹೆಚ್ಚಾದರೆ ರೋಗಿ ಸುಧಾರಿಸಿದ್ದಾರೆ ಎನ್ನಬಹುದೇ?

ಈ ಪ್ರಶ್ನೆ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. 1.3 ಎಂಬುದು ದೀರ್ಘಕಾಲದ ಕೆಮ್ಮಿನಲ್ಲಿ ಲೆಸ್ಟರ್ ಪ್ರಶ್ನಾವಳಿಗೆ ವ್ಯಾಪಕವಾಗಿ ಬಳಕೆಯಲ್ಲಿರುವ ಕನಿಷ್ಠ ಮಹತ್ವದ ವ್ಯತ್ಯಾಸ, ರೋಗಿಗೆ ತಾನೇ ಗಮನಿಸುವಷ್ಟು ಬದಲಾವಣೆ. ಅದು ಮೂಲ ಭಾಷೆಯ ರೋಗಿಗಳಿಂದ ಬಂದದ್ದು; ನಿಮ್ಮ ಅನುವಾದಕ್ಕೂ ಅದೇ ಸಂಖ್ಯೆ ಎಂದು ಪರೀಕ್ಷಿಸದೆ ಹೇಳಲಾಗದು. ಇದಲ್ಲದೆ, ಮಹತ್ವದ ವ್ಯತ್ಯಾಸ ಬೇರೆ, ಅಳತೆಯ ದೋಷವನ್ನು ಮೀರಿದ ವ್ಯತ್ಯಾಸ ಬೇರೆ.

ಒಂದು ಲೆಕ್ಕ ನೋಡೋಣ. ನಿಮ್ಮ ಅಧ್ಯಯನದಲ್ಲಿ ಒಟ್ಟು ಅಂಕದ ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) 3.0, ಐಸಿಸಿ 0.90 ಎಂದುಕೊಳ್ಳಿ. ಒಂದರಿಂದ ಐಸಿಸಿಯನ್ನು ಕಳೆದು, ಉಳಿದದ್ದರ ವರ್ಗಮೂಲವನ್ನು ಮಾನಕ ವಿಚಲನೆಯಿಂದ ಗುಣಿಸಿದರೆ ಅಳತೆಯ ಮಾನಕ ದೋಷ ಸಿಗುತ್ತದೆ: ಸುಮಾರು 0.95. ಅದನ್ನು 1.96 ಮತ್ತು 2ರ ವರ್ಗಮೂಲದಿಂದ ಗುಣಿಸಿದರೆ ಸುಮಾರು 2.6. ಅಂದರೆ ಒಬ್ಬ ರೋಗಿಯ ಅಂಕ 2.6ಕ್ಕಿಂತ ಕಡಿಮೆ ಬದಲಾಗಿದ್ದರೆ, ಅದು ನಿಜವಾದ ಬದಲಾವಣೆಯೋ ಅಳತೆಯ ಏರಿಳಿತವೋ ಎಂದು 95% ವಿಶ್ವಾಸದಿಂದ ಹೇಳಲಾಗದು. 0.90 ಎಂಬ ಹೆಮ್ಮೆಪಡುವಂಥ ಐಸಿಸಿ ಇದ್ದರೂ 1.3 ಈ ಮಿತಿಯ ಒಳಗೇ ಉಳಿಯುತ್ತದೆ. ಐಸಿಸಿ 0.80ಕ್ಕೆ ಇಳಿದರೆ ಮಿತಿ 3.7 ಆಗುತ್ತದೆ.

ಗುಂಪಿನ ಸರಾಸರಿಯಲ್ಲಿ ಮಾತ್ರ ಚಿತ್ರ ಬೇರೆ. 40 ರೋಗಿಗಳ ಗುಂಪಿಗೆ ಆ 2.6ನ್ನು 40ರ ವರ್ಗಮೂಲದಿಂದ ಭಾಗಿಸಬೇಕು, ಬರುವುದು ಸುಮಾರು 0.4. ಹೀಗಾಗಿ ಒಂದು ಔಷಧಿ ಪ್ರಯೋಗದಲ್ಲಿ 1.3ರ ಸರಾಸರಿ ಏರಿಕೆಯನ್ನು ನಂಬಿಕೆಯಿಂದ ಓದಬಹುದು, ಎದುರಿಗೆ ಕುಳಿತ ಒಬ್ಬ ರೋಗಿಯಲ್ಲಿ ಅದೇ ಅಂಕವನ್ನು ಅವರ ಮಾತು ಮತ್ತು ತಪಾಸಣೆಯ ಜೊತೆಗಿಟ್ಟೇ ಓದಬೇಕು. ಅನುವಾದಿತ ಪ್ರಶ್ನಾವಳಿಯ ವರದಿಯಲ್ಲಿ ಈ ಎರಡೂ ಸಂಖ್ಯೆಗಳನ್ನು ಕೊಡದಿದ್ದರೆ ಚಿಕಿತ್ಸಾಲಯದಲ್ಲಿ ಅದನ್ನು ಬಳಸುವವರಿಗೆ ಅರ್ಧ ಮಾಹಿತಿ ಮಾತ್ರ ತಲುಪುತ್ತದೆ.

ನಿಮ್ಮ ಭಾಷೆಗೆ ಮಹತ್ವದ ವ್ಯತ್ಯಾಸವನ್ನು ಕಂಡುಹಿಡಿಯಬೇಕಾದರೆ ಚಿಕಿತ್ಸೆಯ ಮೊದಲು ಮತ್ತು ನಂತರ ಪ್ರಶ್ನಾವಳಿ ತುಂಬಿಸಿ, ಕೆಮ್ಮು ಎಷ್ಟು ಬದಲಾಗಿದೆ ಎಂದು ರೋಗಿಯೇ ನೇರವಾಗಿ ಹೇಳಿದ ಉತ್ತರಕ್ಕೆ ಅದನ್ನು ಕಟ್ಟಬೇಕು. ಆ ಉತ್ತರಕ್ಕೂ ಅಂಕದ ಬದಲಾವಣೆಗೂ ಕನಿಷ್ಠ 0.3ರ ಸಹಸಂಬಂಧವಾದರೂ ಇಲ್ಲದಿದ್ದರೆ ಆ ಲೆಕ್ಕಕ್ಕೆ ಬುನಾದಿ ಇರುವುದಿಲ್ಲ.

ಮೂತ್ರ ಸೋರುವಿಕೆಯ ಬಗ್ಗೆ ಲೆಸ್ಟರ್ ಪ್ರಶ್ನಾವಳಿಯಲ್ಲಿ ಪ್ರಶ್ನೆ ಇಲ್ಲ. ನಾವೇ ಸೇರಿಸಬಹುದೇ?

ಸಾಧನದ ಒಳಗೆ ಸೇರಿಸಬೇಡಿ. ಪ್ರತ್ಯೇಕ ಹಾಳೆಯಲ್ಲಿ, ಪ್ರಶ್ನಾವಳಿ ಮುಗಿದ ನಂತರ ಕೇಳಿ, ಅದನ್ನು ಅಂಕಕ್ಕೆ ಕೂಡಿಸಬೇಡಿ. ಆದರೆ ಖಂಡಿತ ಕೇಳಿ. ಅನೇಕ ಮಹಿಳೆಯರು ಈ ತೊಂದರೆಯನ್ನು ತಾವಾಗಿ ಹೇಳುವುದಿಲ್ಲ, ಇದಕ್ಕೆ ಚಿಕಿತ್ಸೆ ಇದೆ ಎಂಬುದೂ ಅವರಿಗೆ ತಿಳಿದಿರುವುದಿಲ್ಲ. ಅನ್ವಯಿಸದ ಪ್ರಶ್ನೆಯೊಂದನ್ನು ತೆಗೆದುಹಾಕುವುದಕ್ಕೂ ಇದೇ ನಿಯಮ: ತೆಗೆಯಬೇಡಿ, ಅದರ ವರ್ತನೆಯನ್ನು ವರದಿ ಮಾಡಿ.

ಮಕ್ಕಳಿಗೆ ಇದೇ ಪ್ರಶ್ನಾವಳಿಯನ್ನು ಬಳಸಬಹುದೇ?

ಬಳಸಬಾರದು. ಮಕ್ಕಳಲ್ಲಿ ದೀರ್ಘಕಾಲದ ಕೆಮ್ಮು ಎಂದರೆ 4 ವಾರಗಳಿಗಿಂತ ಹೆಚ್ಚಿನದು, ಕಾರಣಗಳೂ ಬೇರೆ. ಪೋಷಕರು ಉತ್ತರಿಸುವ 27 ಪ್ರಶ್ನೆಗಳ ಪ್ರತ್ಯೇಕ ಸಾಧನ ಅವರಿಗಾಗಿ ಇದೆ.

ಕಾಗದದ ಅನುವಾದ ಪರಿಶೀಲನೆಯಾಗಿದೆ. ಅದನ್ನು ಮೊಬೈಲ್‌ನಲ್ಲಿ ತುಂಬಿಸಿಕೊಳ್ಳಬಹುದೇ?

ಪದಗಳು, ಕ್ರಮ, ಆಯ್ಕೆಗಳು ಒಂದೇ ಆಗಿದ್ದರೆ ಸಾಮಾನ್ಯವಾಗಿ ಸಣ್ಣ ಸಂದರ್ಶನ ಅಧ್ಯಯನ ಸಾಕಾಗುತ್ತದೆ. ಏಳು ಆಯ್ಕೆಗಳೂ ಒಂದೇ ತೆರೆಯಲ್ಲಿ ಕಾಣಿಸುತ್ತವೆಯೇ ಎಂದು ನೋಡಿ, ಏಕೆಂದರೆ ಕೆಳಗೆ ಸರಿಸಿದರೆ ಮಾತ್ರ ಕಾಣುವ ಆಯ್ಕೆಗಳನ್ನು ಜನ ಕಡಿಮೆ ಆರಿಸುತ್ತಾರೆ. ಉತ್ತರಿಸದೆ ಮುಂದೆ ಹೋಗಲು ಬಿಡದ ವಿನ್ಯಾಸ ಖಾಲಿ ಉತ್ತರಗಳನ್ನು ಇಲ್ಲವಾಗಿಸುತ್ತದೆ ನಿಜ, ಆದರೆ ಉತ್ತರಿಸಲು ಇಷ್ಟವಿಲ್ಲದವರಿಂದ ಯಾವುದೋ ಒಂದು ಗುರುತನ್ನು ಬಲವಂತವಾಗಿ ಪಡೆಯುತ್ತದೆ. ‘ಉತ್ತರಿಸಲು ಬಯಸುವುದಿಲ್ಲ’ ಎಂಬ ದಾರಿಯನ್ನು ತೆರೆದಿಟ್ಟು, ಎಷ್ಟು ಜನ ಯಾವ ಪ್ರಶ್ನೆಯಲ್ಲಿ ಅದನ್ನು ಹಿಡಿದರು ಎಂದು ವರದಿ ಮಾಡುವುದು ಮೇಲು.